ನೆಟ್ಟ ಹಲ್ಲಿನ ಕಥೆ: ಮೂಳೆ ಒಪ್ಪುವ ತನಕ ಕಾಯಬೇಕು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವ ಗಾದೆ ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ದೊಡ್ಡವರಾದ ಮೇಲೆ ಬಿದ್ದ ಹಲ್ಲು ಮತ್ತೆ ಬರುವುದಿಲ್ಲ ಎಂಬ ಸತ್ಯದ ಮೇಲೆ ನಿಂತ ಗಾದೆ ಅದು. ಈಗ ತಾಲ್ಲೂಕು ಪೇಟೆಯ ಬೋರ್ಡುಗಳಲ್ಲಿ, ಮೊಬೈಲಿಗೆ ಬರುವ ಜಾಹೀರಾತುಗಳಲ್ಲಿ ಬೇರೆ ಮಾತು ಕಾಣುತ್ತಿದೆ. ಹಲ್ಲು ನೆಡುತ್ತೇವೆ, ಇಂಪ್ಲಾಂಟ್ ಹಾಕುತ್ತೇವೆ, ಕೆಲವು ಕಡೆಯಂತೂ ಒಂದೇ ದಿನದಲ್ಲಿ ಬಾಯಿ ತುಂಬಾ ಹಲ್ಲು ಕೊಡುತ್ತೇವೆ ಎನ್ನುತ್ತಾರೆ.

ಅಪ್ಪನಿಗೋ ಅಜ್ಜಿಗೋ ಹಾಕಿಸೋಣವೇ ಎಂದು ಯೋಚಿಸುವ ಮನೆಗಳಲ್ಲಿ ಮೂರು ಪ್ರಶ್ನೆ ಏಳುತ್ತವೆ. ಇಷ್ಟೊಂದು ದುಡ್ಡು ಯಾಕೆ? ಇಷ್ಟೊಂದು ತಿಂಗಳು ಯಾಕೆ? ಹಾಕಿಸಿದ್ದು ಉಳಿಯುತ್ತದಾ? ಈ ಮೂರಕ್ಕೂ ಉತ್ತರ ಹಲ್ಲು ನೆಡುವ ಕೆಲಸದ ಇತಿಹಾಸದಲ್ಲೇ ಇದೆ. ಮನುಷ್ಯ ನೂರಾರು ವರ್ಷ ಚಿಪ್ಪು, ಬೇರೆಯವರ ಹಲ್ಲು, ಚಿನ್ನ, ಪ್ಲಾಟಿನಂ ಎಲ್ಲವನ್ನೂ ದವಡೆಗೆ ನೆಟ್ಟು ನೋಡಿದ. ಕೊನೆಗೆ ದಾರಿ ತೋರಿಸಿದ್ದು ಒಂದು ಮೊಲದ ಕಾಲು. ಆ ಕಥೆಯನ್ನು ಹೇಳಿ, ಆಮೇಲೆ ಇವತ್ತು ಡಾಕ್ಟರ ಕುರ್ಚಿಯಲ್ಲಿ ಕೂತರೆ ಏನೇನು ನಡೆಯುತ್ತದೆ ಎನ್ನುವುದಕ್ಕೆ ಬರುತ್ತೇವೆ.

ಚಿಪ್ಪಿನ ಮೂರು ಹಲ್ಲು

ಮಧ್ಯ ಅಮೆರಿಕದಲ್ಲಿ ಹೊಂಡುರಾಸ್ ಎಂಬ ಪುಟ್ಟ ದೇಶವಿದೆ. 1931ರಲ್ಲಿ ಅಲ್ಲಿನ ಉಲುವಾ ನದಿ ಕಣಿವೆಯಲ್ಲಿ ಉತ್ಖನನ ಮಾಡುವಾಗ ಕೆಳದವಡೆಯ ಒಂದು ತುಂಡು ಸಿಕ್ಕಿತು. ಅದು ಮಾಯಾ ಜನರ ಕಾಲದ್ದು, ಸುಮಾರು ಕ್ರಿ.ಶ. 600ರದ್ದು. ಮುಂಭಾಗದ ಮೂರು ಹಲ್ಲುಗಳ ಜಾಗದಲ್ಲಿ ಹಲ್ಲಿನ ಆಕಾರಕ್ಕೆ ಕೆತ್ತಿದ ಮೂರು ಚಿಪ್ಪಿನ ತುಂಡುಗಳು ಕೂತಿದ್ದವು.

ಹೆಣವನ್ನು ಅಲಂಕರಿಸಲು ಸತ್ತ ಮೇಲೆ ಹೀಗೆ ಮಾಡಿರಬೇಕು ಎಂದೇ ಮೊದಲು ಎಲ್ಲರೂ ಅಂದುಕೊಂಡರು. 1970ರಲ್ಲಿ ಬ್ರೆಜಿಲ್‌ನ ದಂತವೈದ್ಯ ಅಮಡೆಯೊ ಬೋಬಿಯೊ ಅದರ ಎಕ್ಸ್‌ರೇ ತೆಗೆದು ನೋಡಿದರು. ಚಿಪ್ಪಿನ ಹಲ್ಲುಗಳ ಸುತ್ತ ಮೂಳೆ ಬೆಳೆದಿತ್ತು. ಸತ್ತವರ ಮೂಳೆ ಬೆಳೆಯುವುದಿಲ್ಲ. ಅಂದರೆ ಆ ಹಲ್ಲುಗಳನ್ನು ನೆಟ್ಟದ್ದು ಬದುಕಿದ್ದವರ ಬಾಯಿಗೆ.

ಆ ಕೈಗಾರಿಕೆಯನ್ನು ಕಲಿತವರು ಮುಂದೆ ಯಾರಿಗೂ ಹೇಳಿಕೊಡಲಿಲ್ಲವೋ, ಹೇಳಿಕೊಟ್ಟದ್ದು ಅಳಿದುಹೋಯಿತೋ, ಅಂತೂ ದಾರಿ ಅಲ್ಲಿಗೇ ನಿಂತಿತು. ದವಡೆಯ ಮೂಳೆ ಹೊರಗಿನ ವಸ್ತುವನ್ನು ಸೇರಿಸಿಕೊಳ್ಳಬಲ್ಲದು ಎಂಬ ಮಾತು ಮತ್ತೆ ಕೇಳಿಬರಲು ಸಾವಿರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಬಡವರ ಬಾಯಿಂದ ಸಾಹುಕಾರರ ಬಾಯಿಗೆ

ನಡುವಿನ ಕಾಲದ ಒಂದು ಅಧ್ಯಾಯ ಓದುವಾಗ ಹೊಟ್ಟೆ ಕಿವುಚುತ್ತದೆ. 18ನೇ ಶತಮಾನದ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಹೆಸರಾಂತ ಶಸ್ತ್ರಚಿಕಿತ್ಸಕರಿದ್ದರು. ಅವರು ಮನುಷ್ಯನ ಹಲ್ಲೊಂದನ್ನು ಕಿತ್ತು ಹುಂಜದ ತಲೆಯ ಜುಟ್ಟಿಗೆ ನೆಟ್ಟರು. ಅದು ಅಲ್ಲಿ ಹಿಡಿದುಕೊಂಡಿತು. ಹಾಗಾದರೆ ಒಬ್ಬರ ಹಲ್ಲನ್ನು ಇನ್ನೊಬ್ಬರ ಬಾಯಿಗೂ ನೆಡಬಹುದು ಎಂದು ಅವರು ನಂಬಿದರು. 1771ರಲ್ಲಿ ಹಲ್ಲುಗಳ ಬಗ್ಗೆ ಅವರು ಬರೆದ ಪುಸ್ತಕ ಯುರೋಪಿನಲ್ಲೆಲ್ಲ ಓದಿಸಿಕೊಂಡಿತು.

ಸಾಹುಕಾರರ ಮನೆಯವರಿಗೆ ಹಲ್ಲು ಬೇಕಾಗಿತ್ತು, ಹಸಿದವರಿಗೆ ಕಾಸು ಬೇಕಾಗಿತ್ತು. ಚಿಮಣಿ ಗುಡಿಸುವ ಹುಡುಗರು, ಕೂಲಿ ಹೆಣ್ಣುಮಕ್ಕಳು ತಮ್ಮ ಮುಂದಿನ ಗಟ್ಟಿ ಹಲ್ಲು ಮಾರಿದರು. ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಅದನ್ನು ಬಿಸಿಬಿಸಿಯಾಗಿ ನೆಟ್ಟು ದಾರದಿಂದ ಕಟ್ಟುತ್ತಿದ್ದರು. ಒಬ್ಬರ ಹಲ್ಲು ಹೊಂದದಿದ್ದರೆ ಇರಲಿ ಎಂದು ಹಲವರನ್ನು ಸಾಲಾಗಿ ಕೂರಿಸಿಕೊಳ್ಳುವುದೂ ಇತ್ತು. ಥಾಮಸ್ ರೋಲ್ಯಾಂಡ್‌ಸನ್ ಎಂಬ ವ್ಯಂಗ್ಯಚಿತ್ರಕಾರ 1787ರಲ್ಲಿ ಈ ದೃಶ್ಯವನ್ನೇ ಚಿತ್ರ ಬರೆದ. ಕಿತ್ತವರ ದವಡೆ ಹಿಡಿದ ಮಕ್ಕಳು, ಕನ್ನಡಿ ನೋಡಿಕೊಳ್ಳುವ ಶ್ರೀಮಂತರು, ಹಲ್ಲಿಗೆ ಒಳ್ಳೆ ಬೆಲೆ ಕೊಡುವುದಾಗಿ ಸಾರುವ ಫಲಕ ಎಲ್ಲವೂ ಅದರಲ್ಲಿವೆ.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಪ್ರಮಾಣವಚನ ತೆಗೆದುಕೊಳ್ಳುವಾಗ ಅವರ ಬಾಯಲ್ಲಿ ಸ್ವಂತದ್ದು ಅಂತ ಉಳಿದಿದ್ದದ್ದು ಒಂದೇ ಹಲ್ಲು. ಅವರದು ಮರದ ಹಲ್ಲುಸೆಟ್ ಎಂದು ಜನ ಹೇಳುತ್ತಾರೆ, ಅದು ಸುಳ್ಳು. ನೀರಾನೆಯ ದಂತ, ಲೋಹ ಮತ್ತು ಮನುಷ್ಯರ ಹಲ್ಲುಗಳಿಂದ ಅವರ ಸೆಟ್‌ಗಳನ್ನು ಮಾಡಿದ್ದರು. ಅವರ ಎಸ್ಟೇಟಿನ 1784ರ ಲೆಕ್ಕದ ಪುಸ್ತಕದಲ್ಲಿ ಕಪ್ಪುಜನರಿಂದ ಪಡೆದ 9 ಹಲ್ಲಿಗೆ 6 ಪೌಂಡ್ 2 ಶಿಲ್ಲಿಂಗ್ ಕೊಟ್ಟ ನಮೂದು ಇದೆ. ಆ ಕಪ್ಪುಜನರು ಬಹುಶಃ ಆ ಎಸ್ಟೇಟಿನ ಗುಲಾಮರೇ ಇರಬೇಕು.

1815ರಲ್ಲಿ ವಾಟರ್ಲೂ ಯುದ್ಧ ಮುಗಿದಾಗ ಸತ್ತ ಸೈನಿಕರ ಬಾಯಿಂದ ಹಲ್ಲು ಕಿತ್ತು ಚೀಲಗಟ್ಟಲೆ ಮಾರಿದರು. ಎಳೆ ವಯಸ್ಸಿನ ಹುಡುಗರ ಹಲ್ಲು ಗಟ್ಟಿ ಇರುತ್ತಿದ್ದವಲ್ಲ. ಆಮೇಲೆ ಎಷ್ಟೋ ಕಾಲ ಇಂಥ ಹಲ್ಲುಗಳಿಗೆ ವಾಟರ್ಲೂ ಹಲ್ಲು ಎಂದೇ ಹೆಸರು.

ಇಷ್ಟೆಲ್ಲ ಮಾಡಿಯೂ ಬೇರೆಯವರಿಂದ ಕಿತ್ತು ನೆಟ್ಟ ಹಲ್ಲು ನಿಲ್ಲಲಿಲ್ಲ. ಕೆಲವು ತಿಂಗಳಿಗೋ ಕೆಲವು ವರ್ಷಕ್ಕೋ ಬೇರು ಕರಗಿ ಉದುರುತ್ತಿತ್ತು. ಜೊತೆಗೆ ರೋಗ ಹತ್ತಿಕೊಂಡ ದೂರುಗಳೂ ಬಂದವು. ಒಬ್ಬರ ದೇಹ ಇನ್ನೊಬ್ಬರ ದೇಹದ ತುಂಡನ್ನು ಸುಲಭಕ್ಕೆ ಒಪ್ಪುವುದಿಲ್ಲ ಎನ್ನುವುದು ಆಗ ಯಾರಿಗೂ ತಿಳಿದಿರಲಿಲ್ಲ. 19ನೇ ಶತಮಾನದಲ್ಲಿ ಪಿಂಗಾಣಿಯ ಹಲ್ಲು, ರಬ್ಬರಿನ ತಳ ಬಂದು ಕಡಿಮೆ ಬೆಲೆಯ ಹಲ್ಲುಸೆಟ್ ಸಿಗತೊಡಗಿತು. ಬಡವರ ಹಲ್ಲಿನ ವ್ಯಾಪಾರ ನಿಧಾನಕ್ಕೆ ನಿಂತದ್ದು ಆಗ.

ಲೋಹ ನೆಟ್ಟವರು

ಹಲ್ಲುಸೆಟ್ ಹಾಕಿಕೊಂಡವರಿಗೆ ಅದರ ಕಷ್ಟ ಗೊತ್ತು. ಮೇಲಿನದು ಹೇಗೋ ಅಂಟಿಕೊಂಡಿರುತ್ತದೆ, ಕೆಳಗಿನದು ಅಲುಗಾಡುತ್ತದೆ. ಗಟ್ಟಿ ರೊಟ್ಟಿ, ಹುರಿಗಡಲೆ, ಕಬ್ಬು ಎಲ್ಲ ದೂರ. ಹಲ್ಲು ಹೋದ ಕಡೆ ದವಡೆಯ ಮೂಳೆ ಸವೆಯುತ್ತಾ ಹೋಗುವುದರಿಂದ ಇವತ್ತು ಸರಿಯಾಗಿ ಕೂತ ಸೆಟ್ ಕೆಲವು ವರ್ಷದ ನಂತರ ಸಡಿಲವಾಗುತ್ತದೆ. ಹಾಗಾಗಿ ಬೇರೇ ಇರುವ ಹಲ್ಲು ಬೇಕು ಎನ್ನುವ ಆಸೆ ಹೋಗಲಿಲ್ಲ.

ಅಮೆರಿಕದ ದಂತವೈದ್ಯ ಇ.ಜೆ. ಗ್ರೀನ್‌ಫೀಲ್ಡ್ 1913ರಲ್ಲಿ ತಮ್ಮ ಪ್ರಯೋಗದ ಬಗ್ಗೆ ಬರೆದರು. ಅವರು ಇರಿಡಿಯಂ ಮತ್ತು ಪ್ಲಾಟಿನಂ ತಂತಿಯಿಂದ ಪುಟ್ಟ ಬುಟ್ಟಿಯಂಥ ಬೇರು ಹೆಣೆದರು. ದವಡೆಯಲ್ಲಿ ದುಂಡಗೆ ಕೊರೆದು ಅದನ್ನು ಇಳಿಸಿ, ಮೂಳೆ ಬುಟ್ಟಿಯೊಳಗೆ ಬೆಳೆದು ತುಂಬಿಕೊಳ್ಳಲಿ ಎಂದು ಕಾದರು. ಆಮೇಲಷ್ಟೇ ಮೇಲೆ ಹಲ್ಲು ಕೂರಿಸಿದರು. ಕಾಯಬೇಕು ಎನ್ನುವ ಬುದ್ಧಿ ಆಗಲೇ ಅವರಿಗೆ ಹೊಳೆದಿತ್ತು. ಆದರೆ ಕೈಯಲ್ಲಿದ್ದ ಲೋಹ ಸರಿಯಿರಲಿಲ್ಲ.

1930ರ ದಶಕದ ಕೊನೆಯಲ್ಲಿ ಬಾಸ್ಟನ್ನಿನ ಸ್ಟ್ರಾಕ್ ಸಹೋದರರು ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆಸಿದ ಲೋಹದ ಸ್ಕ್ರೂ ಹಾಕಿದರು. ಕೆಲವು ಚೆನ್ನಾಗಿಯೇ ನಿಂತವು. 1960ರ ದಶಕದಲ್ಲಿ ನ್ಯೂಯಾರ್ಕಿನ ಲಿಯೊನಾರ್ಡ್ ಲಿಂಕೋ ತಗಡಿನಂಥ ಚಪ್ಪಟೆ ಇಂಪ್ಲಾಂಟ್ ತಂದರು. ಅದನ್ನು ಹಾಕಿ ಬೇಗನೆ ಹಲ್ಲು ಕೂರಿಸುತ್ತಿದ್ದರು. ಅನೇಕರ ಬಾಯಲ್ಲಿ ಲೋಹಕ್ಕೂ ಮೂಳೆಗೂ ನಡುವೆ ನಾರಿನಂಥ ಮೆತ್ತನೆಯ ಪದರ ಬೆಳೆಯುತ್ತಿತ್ತು. ಅದು ಗಟ್ಟಿ ಹಿಡಿತವಲ್ಲ. ದಿನ ಕಳೆದಂತೆ ಅಲುಗಾಟ, ಕೀವು, ನೋವು ಕಾಣಿಸಿಕೊಳ್ಳುತ್ತಿತ್ತು. ಇಂಪ್ಲಾಂಟ್ ಅಂದರೆ ನಂಬಲಾಗದ ಕೆಲಸ ಎಂದು ಹೆಚ್ಚಿನ ದಂತವೈದ್ಯರೇ ದೂರ ಇದ್ದರು.

ಮೊಲದ ಕಾಲಿನಲ್ಲಿ ಸಿಕ್ಕ ಉತ್ತರ

ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಸ್ವೀಡನ್ ದೇಶದವರು, ಹುಟ್ಟಿದ್ದು 1929ರಲ್ಲಿ. ಅವರು ದಂತವೈದ್ಯರಲ್ಲ, ದೇಹದ ರಚನೆಯನ್ನು ಅಧ್ಯಯನ ಮಾಡುವ ವೈದ್ಯರು. 1950ರ ದಶಕದಲ್ಲಿ ಲುಂಡ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರಿಗೆ ಬೇಕಾಗಿದ್ದದ್ದು ಹಲ್ಲಲ್ಲ. ಮೂಳೆಯೊಳಗೆ ರಕ್ತ ಹೇಗೆ ಹರಿಯುತ್ತದೆ, ಗಾಯ ಹೇಗೆ ಮಾಯುತ್ತದೆ ಎನ್ನುವುದನ್ನು ಜೀವಂತವಾಗಿ ಕಣ್ಣಾರೆ ನೋಡಬೇಕಿತ್ತು. ಅದಕ್ಕಾಗಿ ಮೊಲದ ಕಾಲಿನ ಮೂಳೆಗೆ ಸೂಕ್ಷ್ಮದರ್ಶಕ ಹಿಡಿದು ನೋಡಲು ಅನುವಾಗುವ ಪುಟ್ಟ ಲೋಹದ ಕಿಟಕಿಯೊಂದನ್ನು ಕೂರಿಸಿದರು. ಆ ಕಿಟಕಿ ಟೈಟಾನಿಯಂ ಲೋಹದ್ದು.

ಟೈಟಾನಿಯಂ ಆಗ ಹೊಸದು. ಅದಿರಿನಿಂದ ಅದನ್ನು ಬೇರ್ಪಡಿಸಿ ಕಾರ್ಖಾನೆಗಳಲ್ಲಿ ತಯಾರಿಸಲು ಸಾಧ್ಯವಾದದ್ದೇ 1940ರ ದಶಕದಲ್ಲಿ. ವಿಮಾನ ಕಟ್ಟುವವರು ಅದನ್ನು ಹಗುರ, ಗಟ್ಟಿ ಎಂದು ಇಷ್ಟಪಟ್ಟರು. ಅಂದಹಾಗೆ, ನಮ್ಮ ಪಕ್ಕದ ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿ ಇರುವುದೂ ಇದೇ ಲೋಹದ ಅದಿರು.

ಕಿಟಕಿಗಳು ದುಬಾರಿ. ಪ್ರಯೋಗ ಮುಗಿದ ಮೇಲೆ ತೆಗೆದು ಇನ್ನೊಂದು ಮೊಲಕ್ಕೆ ಬಳಸೋಣ ಎಂದು ಬ್ರೋನೆಮಾರ್ಕ್ ಬಿಚ್ಚಲು ಹೋದರು. ಬರಲೇ ಇಲ್ಲ. ಮೂಳೆ ಲೋಹಕ್ಕೆ ನೇರವಾಗಿ ಬೆಸೆದುಕೊಂಡಿತ್ತು.

ಇದು ಇನ್ನೊಬ್ಬರ ಕಣ್ಣಿಗೂ ಬಿದ್ದಿತ್ತು. ಅಮೆರಿಕದ ಮೂಳೆ ವೈದ್ಯ ಗಾಟ್ಲಿಬ್ ಲೆವೆಂಥಾಲ್ ಇಲಿಗಳ ತೊಡೆಮೂಳೆಗೆ ಟೈಟಾನಿಯಂ ಸ್ಕ್ರೂ ಹಾಕಿ 1951ರಲ್ಲಿ ವರದಿ ಮಾಡಿದ್ದರು. 6 ವಾರಕ್ಕೆ ಸ್ಕ್ರೂ ಹಾಕಿದ್ದಕ್ಕಿಂತ ಸ್ವಲ್ಪ ಬಿಗಿಯಾಗಿತ್ತು. 12 ವಾರಕ್ಕೆ ತೆಗೆಯುವುದು ಇನ್ನೂ ಕಷ್ಟವಾಯಿತು. 16 ವಾರದ ಹೊತ್ತಿಗೆ ಎಷ್ಟು ಬಿಗಿಯಿತ್ತೆಂದರೆ, ತಿರುಗಿಸಿ ತೆಗೆಯಲು ಹೋದಾಗ ಒಂದು ಇಲಿಯ ಮೂಳೆಯೇ ಮುರಿಯಿತು, ಸ್ಕ್ರೂ ಬರಲಿಲ್ಲ.

ವಾರಗಳ ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮಾವಿನ ಕಸಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಸಿ ಕಟ್ಟಿದ ದಿನ ಎರಡು ಕಡ್ಡಿ ಜೊತೆಗಿರುತ್ತವೆ ಅಷ್ಟೇ. ಹಿಡಿಯಿತೋ ಇಲ್ಲವೋ ಎಂದು ತಿಳಿಯಲು ದಿನ ಬೇಕು. ಅಷ್ಟರಲ್ಲಿ ಯಾರಾದರೂ ಅಲುಗಾಡಿಸಿದರೆ ಕಸಿ ಕೆಟ್ಟಿತು.

ಟೈಟಾನಿಯಂಗೇ ಮೂಳೆ ಯಾಕೆ ಒಲಿಯಿತು? ಗಾಳಿ ತಗುಲಿದ ಕೂಡಲೇ ಆ ಲೋಹದ ಮೈಮೇಲೆ ಅತಿ ತೆಳ್ಳನೆಯ ಆಕ್ಸೈಡ್ ಪದರ ಕಟ್ಟುತ್ತದೆ. ಅದರಿಂದಾಗಿ ಲೋಹ ತುಕ್ಕು ಹಿಡಿಯುವುದಿಲ್ಲ, ದೇಹಕ್ಕೆ ವಿಷವಾಗುವುದಿಲ್ಲ. ಮೂಳೆಯ ಕಣಗಳು ಅದನ್ನು ಹೊರಗಿನದೆಂದು ದೂರ ತಳ್ಳದೆ ಅದರ ಮೇಲೆಯೇ ಹೊಸ ಮೂಳೆ ಕಟ್ಟುತ್ತವೆ.

41 ವರ್ಷ ನಿಂತ ಹಲ್ಲು

ಬ್ರೋನೆಮಾರ್ಕ್ ಮುಂದೆ ಗೋಥೆನ್‌ಬರ್ಗ್ ಊರಿಗೆ ಹೋದರು. ನಾಯಿಗಳ ದವಡೆಯಲ್ಲಿ ಪ್ರಯೋಗ ಮಾಡಿದರು. ತಾವಾಗಿ ಮುಂದೆ ಬಂದ ವಿದ್ಯಾರ್ಥಿಗಳ ತೋಳಿನಲ್ಲಿ ಟೈಟಾನಿಯಂ ಇರಿಸಿ, ಮನುಷ್ಯ ದೇಹವೂ ಅದನ್ನು ತಾಳಿಕೊಳ್ಳುತ್ತದೆ ಎಂದು ಕಂಡುಕೊಂಡರು.

1965ರಲ್ಲಿ ಯೋಸ್ಟಾ ಲಾರ್ಸನ್ ಎಂಬವರು ಅವರ ಮೊದಲ ರೋಗಿಯಾದರು. ವಯಸ್ಸು 34. ಹುಟ್ಟಿನಿಂದಲೇ ಅಂಗುಳು ಸೀಳಿತ್ತು, ದವಡೆಯ ಆಕಾರ ಸರಿಯಿರಲಿಲ್ಲ, ಕೆಳದವಡೆಯಲ್ಲಿ ಹಲ್ಲಿರಲಿಲ್ಲ. ಸರಿಯಾಗಿ ಅಗಿಯಲಾಗದು, ಮಾತಾಡಲಾಗದು. ಅವರ ಕೆಳದವಡೆಗೆ ನಾಲ್ಕು ಟೈಟಾನಿಯಂ ಸ್ಕ್ರೂ ಹಾಕಿದರು. ತಿಂಗಳುಗಟ್ಟಲೆ ಕಾದು, ಮೂಳೆ ಹಿಡಿದ ಮೇಲೆ ಅದರ ಮೇಲೆ ಹಲ್ಲು ಕೂರಿಸಿದರು. ಲಾರ್ಸನ್ 2006ರಲ್ಲಿ ತೀರಿಕೊಂಡರು. ಆ ಬೇರುಗಳು ಆಗಲೂ ಅವರ ಬಾಯಲ್ಲೇ ಇದ್ದವು. ಲೆಕ್ಕ ಹಾಕಿದರೆ 41 ವರ್ಷ.

ಬ್ರೋನೆಮಾರ್ಕ್ ಕೆಲಸ ಮಾಡುತ್ತಿದ್ದ ಕ್ರಮ ಹೀಗಿತ್ತು. ಮೂಳೆ ಬಿಸಿಯಾಗದಂತೆ ನಿಧಾನವಾಗಿ, ನೀರು ಹಾಯಿಸುತ್ತಾ ಕೊರೆಯಬೇಕು. ಸ್ಕ್ರೂ ಕೂರಿಸಿ ಒಸಡನ್ನು ಮೇಲೆ ಹೊಲಿದು ಮುಚ್ಚಬೇಕು. ಕೆಳದವಡೆಯಾದರೆ 3ರಿಂದ 4 ತಿಂಗಳು, ಮೂಳೆ ಮೆತ್ತಗಿರುವ ಮೇಲ್ದವಡೆಯಾದರೆ 5ರಿಂದ 6 ತಿಂಗಳು ಅದರ ತಂಟೆಗೆ ಹೋಗಬಾರದು. ಆಮೇಲೆ ಒಸಡು ಬಿಡಿಸಿ ಹಲ್ಲು ಕೂರಿಸಬೇಕು. ಬಿಸಿಯ ಮಾತು ಎಷ್ಟು ಮುಖ್ಯ ಎನ್ನುವುದು 1980ರ ದಶಕದಲ್ಲಿ ಅದೇ ಊರಿನ ಸಂಶೋಧಕರು ಮೊಲಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಖಚಿತವಾಯಿತು. 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದೇ ನಿಮಿಷ ತಗುಲಿದರೂ ಮೂಳೆಗೆ ಪೆಟ್ಟು. ನಾವು ಕುಡಿಯುವ ಕಾಫಿ ಅದಕ್ಕಿಂತ ಬಿಸಿ ಇರುತ್ತದೆ.

ಹಲ್ಲಿನ ಡಾಕ್ಟರಲ್ಲದವರು ಹಲ್ಲಿನ ಕೆಲಸಕ್ಕೆ ಕೈಹಾಕಿದ್ದು ಸ್ವೀಡನ್ನಿನ ದಂತವೈದ್ಯ ಪ್ರಾಧ್ಯಾಪಕರಿಗೆ ಸೇರಲಿಲ್ಲ. ವರ್ಷಗಟ್ಟಲೆ ವಿರೋಧಿಸಿದರು. 1970ರ ದಶಕದಲ್ಲಿ ಅಲ್ಲಿನ ಸರ್ಕಾರದ ಆರೋಗ್ಯ ಮಂಡಳಿ ತಜ್ಞರನ್ನು ಕಳಿಸಿ ರೋಗಿಗಳನ್ನು ಪರೀಕ್ಷೆ ಮಾಡಿಸಿತು. ಅವರು ಸರಿ ಎಂದ ಮೇಲೆ ವಿರೋಧ ತಣ್ಣಗಾಯಿತು. 1981ರಲ್ಲಿ 15 ವರ್ಷದ ಲೆಕ್ಕ ಹೊರಬಂತು. 371 ರೋಗಿಗಳ ಬಾಯಿಗೆ ಹಾಕಿದ 2,768 ಸ್ಕ್ರೂಗಳ ಲೆಕ್ಕ ಅದು. ಮೇಲ್ದವಡೆಯಲ್ಲಿ 100ಕ್ಕೆ 81, ಕೆಳದವಡೆಯಲ್ಲಿ 100ಕ್ಕೆ 91 ಗಟ್ಟಿಯಾಗಿ ನಿಂತಿದ್ದವು. 1982ರಲ್ಲಿ ಕೆನಡಾದ ಟೊರಾಂಟೊದಲ್ಲಿ ನಡೆದ ಸಮ್ಮೇಳನದಲ್ಲಿ ಈ ಲೆಕ್ಕಗಳನ್ನು ಮುಂದಿಟ್ಟ ಮೇಲೆ ಅಮೆರಿಕ, ಕೆನಡಾದ ದಂತವೈದ್ಯರೂ ಒಪ್ಪಿದರು.

ಈ ಸ್ಕ್ರೂಗಳನ್ನು ಮಾಡಿ ಮಾರಲು 1978ರಲ್ಲಿ ಬ್ರೋನೆಮಾರ್ಕ್ ಜೊತೆ ಕೈಜೋಡಿಸಿದ ಕಂಪನಿಯ ಹೆಸರು ಕೇಳಿದರೆ ನಮ್ಮ ಹಿರಿಯರ ಕಿವಿ ನೆಟ್ಟಗಾಗುತ್ತದೆ. ಅದು ಬೋಫೋರ್ಸ್. 1987ರಲ್ಲಿ ಫಿರಂಗಿ ಲಂಚದ ಸುದ್ದಿಯಿಂದ ಭಾರತದ ಹಳ್ಳಿಹಳ್ಳಿಗೂ ಗೊತ್ತಾದ ಅದೇ ಬೋಫೋರ್ಸ್. ಫಿರಂಗಿ ಮಾಡುವವರು ಹಲ್ಲಿನ ಬೇರನ್ನೂ ಮಾಡುತ್ತಿದ್ದರು. ಆ ಹಲ್ಲಿನ ವಿಭಾಗವೇ ಮುಂದೆ ನೊಬೆಲ್ ಬಯೋಕೇರ್ ಆಯಿತು. ಸ್ವಿಟ್ಜರ್ಲೆಂಡಿನಲ್ಲೂ ಇದೇ ಕಾಲಕ್ಕೆ ಇಂಥದೇ ಕೆಲಸ ನಡೆಯಿತು. ಕೈಗಡಿಯಾರದ ಲೋಹಗಳ ಸಂಶೋಧನೆಯಿಂದ ಬೆಳೆದ ಸ್ಟ್ರೌಮನ್ ಸಂಸ್ಥೆ ಅಲ್ಲಿ ಇಂಪ್ಲಾಂಟ್ ತಯಾರಿಸಿತು.

ಇವತ್ತು ಕುರ್ಚಿಯಲ್ಲಿ ಕೂತರೆ

ಇತಿಹಾಸ ಗೊತ್ತಾದ ಮೇಲೆ ಡಾಕ್ಟರು ಮಾಡುವ ಒಂದೊಂದು ಕೆಲಸಕ್ಕೂ ಕಾರಣ ತಿಳಿಯುತ್ತದೆ.

ಮೊದಲ ಭೇಟಿಯಲ್ಲಿ ಯಾರೂ ಸ್ಕ್ರೂ ಹಾಕಬಾರದು. ಬಾಯಿ ನೋಡಬೇಕು, ಎಕ್ಸ್‌ರೇ ತೆಗೆಯಬೇಕು. ಅನೇಕರಿಗೆ ದವಡೆಯ ಅಗಲ, ಆಳ ತೋರಿಸುವ ಸಿಬಿಸಿಟಿ ಎಂಬ ಸ್ಕ್ಯಾನ್ ಬೇಕಾಗುತ್ತದೆ. ಕೆಳದವಡೆಯೊಳಗೆ ತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುತ್ತದೆ, ಮೇಲ್ದವಡೆಯ ಮೇಲೆ ಗಾಳಿ ತುಂಬಿದ ಪೊಳ್ಳು ಇರುತ್ತದೆ. ಎರಡಕ್ಕೂ ಸ್ಕ್ರೂ ತಾಗಬಾರದು. ಶುಗರ್, ಬಿಪಿ ಪರೀಕ್ಷೆಯೂ ಆಗಬೇಕು. ಒಸಡಿನ ಕಾಯಿಲೆ ಇದ್ದರೆ ಮೊದಲು ಅದನ್ನು ವಾಸಿ ಮಾಡಬೇಕು.

ಮೂಳೆ ಸಾಲದಿದ್ದರೆ ಮೂಳೆ ತುಂಬಿಸುವ ಚಿಕಿತ್ಸೆ ಬೇರೆ ಆಗಬೇಕಾಗುತ್ತದೆ. ಹಲ್ಲು ಕಿತ್ತಮೇಲೆ ಒಂದೇ ವರ್ಷದಲ್ಲಿ ಆ ಜಾಗದ ದವಡೆಯ ಅಗಲ ಸುಮಾರು ಅರ್ಧದಷ್ಟು ಕರಗಬಹುದು. ಹತ್ತು ವರ್ಷದ ಹಿಂದೆ ಹಲ್ಲು ತೆಗೆಸಿದವರಿಗೂ ಹೋದ ತಿಂಗಳು ತೆಗೆಸಿದವರಿಗೂ ಖರ್ಚು ಒಂದೇ ಆಗದಿರುವುದು ಇದಕ್ಕೇ.

ಸ್ಕ್ರೂ ಹಾಕುವ ದಿನ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಕೊರೆಯುವ ಸದ್ದು, ಅದುರುವುದು ಗೊತ್ತಾಗುತ್ತದೆ, ನೋವು ಗೊತ್ತಾಗಬಾರದು. ನೋವಾದರೆ ಕೈ ಎತ್ತಿ ತಿಳಿಸಿ, ಇನ್ನಷ್ಟು ಮದ್ದು ಕೊಡುತ್ತಾರೆ. ಸ್ಕ್ರೂ ದೊಡ್ಡದಲ್ಲ, ದಪ್ಪ ಸುಮಾರು 4 ಮಿಲಿಮೀಟರ್, ಉದ್ದ ಸುಮಾರು 10 ಮಿಲಿಮೀಟರ್. ಒಂದು ಹಲ್ಲಿನದಾದರೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ, ಅವತ್ತೇ ಮನೆಗೆ ಹೋಗಬಹುದು.

ಎರಡು ಮೂರು ದಿನ ಕೆನ್ನೆ ಊದಿಕೊಳ್ಳುತ್ತದೆ, ಸ್ವಲ್ಪ ರಕ್ತ ಒಸರುತ್ತದೆ. ಅನ್ನ, ಗಂಜಿ, ತಣ್ಣಗಾದ ಮೆತ್ತನೆಯ ಊಟ ಮಾಡಿ. ಕೊಟ್ಟ ಮಾತ್ರೆ ಪೂರ್ತಿ ಮುಗಿಸಿ. ಹೊಲಿಗೆ ಇದ್ದರೆ ವಾರ ಹತ್ತು ದಿನಕ್ಕೆ ತೆಗೆಯುತ್ತಾರೆ. ಮೂರು ದಿನ ಕಳೆದ ಮೇಲೂ ನೋವು, ಊತ ಕಡಿಮೆಯಾಗದೆ ಏರುತ್ತಾ ಹೋದರೆ, ಕೀವು ಬಂದರೆ, ಮದ್ದಿನ ಪ್ರಭಾವ ಇಳಿದ ಮೇಲೂ ತುಟಿ ಜೋಮು ಹಿಡಿದೇ ಇದ್ದರೆ, ಮುಂದಿನ ಭೇಟಿಗೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಆಮೇಲೆ ಕಾಯುವ ಕಾಲ. ಈಗಿನ ಸ್ಕ್ರೂಗಳ ಮೈಯನ್ನು ಮೂಳೆಗೆ ಹಿಡಿತ ಸಿಗುವಂತೆ ಒರಟು ಮಾಡಿರುವುದರಿಂದ ಕೆಲವರಿಗೆ 6ರಿಂದ 8 ವಾರ ಸಾಕಾಗುತ್ತದೆ. ಹೆಚ್ಚಿನವರಿಗೆ 3 ತಿಂಗಳಿಂದ 6 ತಿಂಗಳು ಎಂದು ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು. ಮೂಳೆ ತುಂಬಿಸಿದ್ದರೆ ಇನ್ನೂ ಹೆಚ್ಚು. ಹಿಡಿದಿದೆ ಎಂದು ಖಚಿತವಾದ ಮೇಲೆ ಸ್ಕ್ರೂಗೆ ಕೊಂಡಿ ಜೋಡಿಸಿ, ಅಳತೆ ತೆಗೆದು, ಲ್ಯಾಬಿನಲ್ಲಿ ಮಾಡಿಸಿದ ಕ್ಯಾಪ್ ಕೂರಿಸುತ್ತಾರೆ. ಎಲ್ಲ ಹಲ್ಲೂ ಹೋದವರಿಗೆ ಹಲ್ಲಿಗೊಂದು ಸ್ಕ್ರೂ ಬೇಕಿಲ್ಲ. ಒಂದು ದವಡೆಗೆ 4ರಿಂದ 6 ಸ್ಕ್ರೂ ಹಾಕಿ ಪೂರ್ತಿ ಸಾಲನ್ನು ಕೂರಿಸುವುದುಂಟು. ಕೆಳದವಡೆಗೆ ಎರಡೇ ಸ್ಕ್ರೂ ಹಾಕಿ, ತೆಗೆದು ಹಾಕುವ ಹಲ್ಲುಸೆಟ್‌ಗೆ ಗುಂಡಿಯಂತೆ ಸಿಕ್ಕಿಸುವ ಕ್ರಮವೂ ಇದೆ. ಅದರಲ್ಲಿ ಖರ್ಚು ಕಡಿಮೆ, ಅಲುಗಾಟವೂ ಕಡಿಮೆ.

ಒಂದೇ ದಿನದ ಹಲ್ಲು ಸುಳ್ಳೇ?

ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೂಳೆ ಗಟ್ಟಿಯಿದ್ದು ಸ್ಕ್ರೂ ಹಾಕುವಾಗಲೇ ಬಿಗಿಯಾಗಿ ಕೂತರೆ ಅದೇ ದಿನ ತಾತ್ಕಾಲಿಕ ಹಲ್ಲು ಕೊಡಬಹುದು. ಆದರೆ ಆ ಬಿಗಿ ಮರಕ್ಕೆ ಹಾಕಿದ ಸ್ಕ್ರೂವಿನ ಬಿಗಿ ಇದ್ದಂತೆ. ಮೂಳೆಯ ಬೆಸುಗೆ ಆಗಲು ಅವರಿಗೂ ತಿಂಗಳುಗಳೇ ಬೇಕು. ಅಷ್ಟು ದಿನ ಮೆತ್ತನೆಯದನ್ನೇ ತಿನ್ನಬೇಕು, ಕಾಯಂ ಹಲ್ಲು ಆಮೇಲೆ. ಈ ಮಾತನ್ನು ಬಿಟ್ಟು ಬರೀ ಒಂದೇ ದಿನ ಎಂದು ಕೂಗುವ ಜಾಹೀರಾತನ್ನು ನಂಬಬೇಡಿ. ಇಲಿಯ ಮೂಳೆ 16 ವಾರ ತೆಗೆದುಕೊಂಡದ್ದು ನೆನಪಿರಲಿ.

ಮೂಳೆ ಮುನಿಯುವುದು ಯಾವಾಗ

ಬೀಡಿ, ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಕೈಕೊಡುವುದು ಹೆಚ್ಚು. ಹೊಗೆಯಿಂದ ಒಸಡಿಗೆ, ಮೂಳೆಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಗುಟ್ಕಾ, ಹೊಗೆಸೊಪ್ಪು, ಎಲೆಅಡಿಕೆ ಜೊತೆಗಿನ ತಂಬಾಕು ಒಸಡನ್ನು ಹಾಳುಮಾಡುತ್ತವೆ. ಸಾಲ ಮಾಡಿ ಹಲ್ಲು ನೆಡಿಸಿ, ಅದರ ಪಕ್ಕದಲ್ಲೇ ತಂಬಾಕು ಇಟ್ಟುಕೊಂಡರೆ ದುಡ್ಡು ನೀರಿಗೆ ಹಾಕಿದಂತೆ.

ಶುಗರ್ ಇದ್ದವರಿಗೆ ಇಂಪ್ಲಾಂಟ್ ಆಗುವುದೇ ಇಲ್ಲ ಎಂಬುದು ತಪ್ಪು ತಿಳಿವಳಿಕೆ. ಹತೋಟಿಯಲ್ಲಿದ್ದರೆ ಆಗುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಮಾಡಿಸಿಕೊಂಡು ಹೋಗಿ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುವವರು, ಬಾಯಿ ಅಥವಾ ಕುತ್ತಿಗೆಗೆ ಕ್ಯಾನ್ಸರಿನ ಕರೆಂಟ್ ಚಿಕಿತ್ಸೆ ಆದವರು ಅದನ್ನು ಮೊದಲೇ ಹೇಳಲೇಬೇಕು. ಅಂಥವರಲ್ಲಿ ದವಡೆಯ ಗಾಯ ಮಾಯದೇ ಉಳಿಯುವ ಅಪಾಯವಿದೆ. ರಕ್ತ ತೆಳು ಮಾಡುವ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವು ನಿಲ್ಲಿಸಬೇಡಿ. ಹೃದಯದ ಡಾಕ್ಟರು, ಹಲ್ಲಿನ ಡಾಕ್ಟರು ಇಬ್ಬರನ್ನೂ ಕೇಳಿ.

ಹುಟ್ಟಿದ ಹಲ್ಲು ದವಡೆಗೆ ಬೆಸೆದಿರುವುದಿಲ್ಲ. ನಡುವೆ ಸಣ್ಣ ನಾರಿನ ಪದರವಿದ್ದು ಅನ್ನದಲ್ಲಿ ಕಲ್ಲು ಸಿಕ್ಕರೆ ತಕ್ಷಣ ಹೇಳಿಬಿಡುತ್ತದೆ. ನೆಟ್ಟ ಹಲ್ಲಿಗೆ ಆ ಪದರವಿಲ್ಲ, ಆ ಸೂಕ್ಷ್ಮವೂ ಇಲ್ಲ. ಹಾಗಾಗಿ ಅಡಿಕೆ ಒಡೆಯುವುದು, ಬಾಟಲಿ ಮುಚ್ಚಳ ಕಚ್ಚುವುದು ಬೇಡ. ಅದಕ್ಕೆ ಹುಳುಕು ಹಿಡಿಯುವುದಿಲ್ಲ ನಿಜ. ಆದರೆ ಸುತ್ತಲಿನ ಒಸಡು ಕೆಟ್ಟು ಮೂಳೆ ಕರಗಿದರೆ ನೆಟ್ಟದ್ದು ಕಿತ್ತುಬರುತ್ತದೆ. ದಿನಕ್ಕೆ ಎರಡು ಸಲ ಬ್ರಷ್, ಸಂದಿಗೆ ಸಣ್ಣ ಬ್ರಷ್, ವರ್ಷಕ್ಕೆ ಒಂದೆರಡು ಸಲ ತಪಾಸಣೆ ಬೇಕು. ಹೀಗೆ ನೋಡಿಕೊಂಡರೆ 100ರಲ್ಲಿ 90ಕ್ಕಿಂತ ಹೆಚ್ಚು ಇಂಪ್ಲಾಂಟ್‌ಗಳು 10 ವರ್ಷ ದಾಟುತ್ತವೆ.

ದುಡ್ಡಿನ ಮಾತು

ಖಾಸಗಿ ಕ್ಲಿನಿಕ್ಕುಗಳಲ್ಲಿ ಒಂದು ಹಲ್ಲಿಗೆ ಸಾಮಾನ್ಯವಾಗಿ 20 ಸಾವಿರದಿಂದ 50 ಸಾವಿರ ರೂಪಾಯಿ ಹೇಳುತ್ತಾರೆ. ಊರು, ಸ್ಕ್ರೂವಿನ ಕಂಪನಿ, ಕ್ಯಾಪಿನ ಬಗೆ ನೋಡಿ ಹೆಚ್ಚುಕಡಿಮೆ ಆಗುತ್ತದೆ. ದಂತವೈದ್ಯ ಕಾಲೇಜುಗಳಲ್ಲಿ ಕಡಿಮೆ ಇರುತ್ತದೆ, ಓಡಾಟ ಮಾತ್ರ ಹೆಚ್ಚು. ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಇದೆ. ಮಣಿಪಾಲ, ದಾವಣಗೆರೆ, ಧಾರವಾಡದಂಥ ಕಡೆ ಹಳೆಯ ಖಾಸಗಿ ಕಾಲೇಜುಗಳಿವೆ.

ಇಂಪ್ಲಾಂಟ್ ಒಂದೇ ದಾರಿ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಅಕ್ಕಪಕ್ಕದ ಹಲ್ಲಿಗೆ ಆಧಾರ ಕೊಟ್ಟು ಕೂರಿಸುವ ಬ್ರಿಡ್ಜ್ ಇದೆ, ತೆಗೆದು ಹಾಕುವ ಹಲ್ಲುಸೆಟ್ ಇದೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲುಸೆಟ್ ಕೊಡಿಸಲು ಕರ್ನಾಟಕ ಸರ್ಕಾರ ದಂತಭಾಗ್ಯ ಎಂಬ ಯೋಜನೆ ತಂದಿತ್ತು. ಈಗ ನಿಮ್ಮ ಜಿಲ್ಲೆಯಲ್ಲಿ ಏನು ಸಿಗುತ್ತದೆ ಎಂದು ತಾಲ್ಲೂಕು ಆಸ್ಪತ್ರೆಯ ದಂತವಿಭಾಗದಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಮೂಲಕ ವಿಚಾರಿಸಿ.

ಹಾಕಿಸುವುದೇ ಎಂದು ತೀರ್ಮಾನಿಸಿದರೆ ದುಡ್ಡು ಕಟ್ಟುವ ಮುಂಚೆ ಇಷ್ಟು ಕೇಳಿ:

1. ನೀವು ದಂತವೈದ್ಯರ ಪರಿಷತ್ತಿನಲ್ಲಿ ನೋಂದಣಿ ಆದವರೇ? ಸ್ಕ್ರೂ ಹಾಕುವವರು ನೀವೇನಾ, ಬೇರೆಯವರಾ?
2. ಹೇಳಿದ ಮೊತ್ತದಲ್ಲಿ ಸ್ಕ್ಯಾನ್, ಸ್ಕ್ರೂ, ಕೊಂಡಿ, ಕ್ಯಾಪ್ ಎಲ್ಲವೂ ಸೇರಿದೆಯೇ? ಮೂಳೆ ತುಂಬಿಸಬೇಕಾದರೆ ಎಷ್ಟು?
3. ಒಟ್ಟು ಎಷ್ಟು ಸಲ ಬರಬೇಕು, ಎಷ್ಟು ತಿಂಗಳು?
4. ಹಿಡಿಯದೇ ಹೋದರೆ ಮುಂದೇನು, ಅದರ ಖರ್ಚು ಯಾರದು?
5. ಸ್ಕ್ರೂವಿನ ಕಂಪನಿ, ಅಳತೆ, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಅಥವಾ ಕಾರ್ಡ್ ಕೊಡುತ್ತೀರಾ?

ಕೊನೆಯದನ್ನು ಮರೆಯಬೇಡಿ. ಹತ್ತು ವರ್ಷದ ನಂತರ ಕೊಂಡಿ ಸಡಿಲವಾದರೆ, ಆಗ ಆ ಡಾಕ್ಟರು ಊರಲ್ಲಿ ಇಲ್ಲದೇ ಹೋದರೆ, ಬೇರೆಯವರು ರಿಪೇರಿ ಮಾಡಲು ಆ ಕಾರ್ಡೇ ಆಧಾರ. ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ.

ಇನ್ನೂರು ವರ್ಷದ ಹಿಂದೆ ಹಲ್ಲಿನ ವ್ಯಾಪಾರದಲ್ಲಿ ಬಡವರು ತಮ್ಮ ಬಾಯಿಂದ ಕಿತ್ತುಕೊಡುವವರಾಗಿದ್ದರು. ಟೈಟಾನಿಯಂ ಬಂದ ಮೇಲೆ ಯಾರೂ ಯಾರದನ್ನೂ ಕೀಳಬೇಕಾಗಿಲ್ಲ. ಆದರೆ ನೆಡಿಸಿಕೊಳ್ಳುವ ಸರದಿ ಇನ್ನೂ ದುಡ್ಡಿದ್ದವರದೇ. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುವ ಹಿರಿಯರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಳದವಡೆಗೆ ಎರಡು ಸ್ಕ್ರೂ ಹಾಕಿ ಸೆಟ್ ಸಿಕ್ಕಿಸುವಷ್ಟಾದರೂ ಆಗಲಿ ಎಂದು ಕೇಳುವುದು ಅತಿಯಾಸೆಯಲ್ಲ. ಗ್ರಾಮಸಭೆಯಲ್ಲಿ ಆರೋಗ್ಯದ ಮಾತು ಬಂದಾಗ ಹಲ್ಲಿನ ಮಾತನ್ನೂ ಎತ್ತಿ.